ಹಳೆಯ ಜೀಪಿಗೆ ಹೊಸ ಚಕ್ರ

ಕೊಡಗಿನ ಮಾಂದಲಪಟ್ಟಿಗೆ ಹೋಗಿಬಂದವರು ಅಲ್ಲಿನ ಜೀಪುಗಳನ್ನು ಮರೆಯುವಂತಿಲ್ಲ. ಕಲ್ಲು, ಕೆಸರು, ಕೊರಕಲುಗಳ ದಾರಿಯಲ್ಲಿ ಬೇರೆ ವಾಹನಗಳು ಸೋತು ನಿಲ್ಲುವ ಕಡೆ ಇವು ಗುರುಗುಟ್ಟುತ್ತ ಮೇಲೇರುತ್ತವೆ. ಮಲೆನಾಡಿನ ಕಾಫಿ ತೋಟಗಳಲ್ಲಿ ತಾತನು ಕೊಂಡ ಜೀಪನ್ನು ಮೊಮ್ಮಗನು ಓಡಿಸುತ್ತಿರುವುದೂ ಅಪರೂಪದ ನೋಟವಲ್ಲ. ಇಂತಹ ಹಳೆಯ ವಾಹನ ಕೈಗೆ ಬಂದೊಡನೆ ತರುಣರ ಮನಸ್ಸಿಗೆ ಮೊದಲು ಹೊಳೆಯುವ ಆಲೋಚನೆ ಒಂದೇ: ಇದಕ್ಕೆ ದೊಡ್ಡ ಟೈರು ಹಾಕಿಸಬೇಕು!

ಕೆಲವು ವರ್ಷಗಳ ಹಿಂದೆ ನಾವು ಅಂತಹುದೇ ಒಂದು ಜೀಪಿನಲ್ಲಿ ಪ್ರಯಾಣ ಮಾಡಿದೆವು. ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಸೈನ್ಯವು ವಿಲೇವಾರಿ ಮಾಡಿದ ಗಾಡಿ ಅದು. ಅದರ ಮೂಲ ಚಕ್ರಗಳನ್ನು ಕಳಚಿ ದೊಡ್ಡವನ್ನು ಜೋಡಿಸಿದ್ದರು. ಸ್ಪ್ರಿಂಗುಗಳನ್ನು ಬದಲಾಯಿಸಿ ಮೈಯನ್ನು ಎತ್ತರಿಸಿದ್ದರು. ಹಿಂದೆ ಎರಡನೆಯ ಗೇರಿನಲ್ಲಿ ಏರುತ್ತಿದ್ದ ತಿರುವುಗಳನ್ನು ಈಗ ಮೊದಲನೆಯ ಗೇರಿನಲ್ಲಿ ಏರಬೇಕಾಯಿತು. ಇಳಿಯುವಾಗಲಂತೂ ಬ್ರೇಕಿನಿಂದ ಸುಟ್ಟ ವಾಸನೆ ಬರತೊಡಗಿತು. ಪೆಡಲನ್ನು ಎಷ್ಟು ಒತ್ತಿದರೂ ವೇಗ ತಗ್ಗಲಿಲ್ಲ. ಜೀಪಿನ ಒಡೆಯನಾದ ತರುಣನು ಗುಡ್ಡದ ಬದಿಯ ಚರಂಡಿಗೆ ಚಕ್ರವನ್ನು ಇಳಿಸಿ ಹೇಗೋ ನಿಲ್ಲಿಸಿದನು. ದೈವವಶಾತ್ ಯಾರಿಗೂ ಪೆಟ್ಟಾಗಲಿಲ್ಲ. ಟೈರು ಹೊಸದು, ಎಂಜಿನ್ನು ಗಟ್ಟಿಮುಟ್ಟು, ಬ್ರೇಕಿನಲ್ಲಿ ಎಣ್ಣೆ ಸೋರಿರಲಿಲ್ಲ. ಹಾಗಾದರೆ ತಪ್ಪು ಎಲ್ಲಿತ್ತು? ಅದು ಯಾವ ಒಂದು ಭಾಗದಲ್ಲಿಯೂ ಇರಲಿಲ್ಲ. ಭಾಗಗಳ ನಡುವಣ ಲೆಕ್ಕದಲ್ಲಿ ಇತ್ತು. ಆ ಲೆಕ್ಕವನ್ನು ಇಲ್ಲಿ ನೋಡೋಣ.

ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು 1941 ರಿಂದ 1945 ರವರೆಗೆ ಸೈನ್ಯಕ್ಕಾಗಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ನಮ್ಮ ದೇಶದಲ್ಲಿ ಮಹೀಂದ್ರ ಕಂಪನಿಯು 1947 ರಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆಯನ್ನು ಕೈಗೊಂಡಿತು. ಯುದ್ಧಕಾಲದ ಜೀಪಿನ ಎಂಜಿನ್ನಿನ ಸಾಮರ್ಥ್ಯ ಕೇವಲ 60 ಅಶ್ವಶಕ್ತಿ. ಇಷ್ಟು ಸಣ್ಣ ಎಂಜಿನ್ನು ಬೆಟ್ಟವನ್ನೇರುವುದು ಹಲ್ಲುಚಕ್ರಗಳ ನೆರವಿನಿಂದ. ಗೇರುಪೆಟ್ಟಿಗೆ, ಅದರ ಹಿಂದಿರುವ ಟ್ರಾನ್ಸ್‌ಫರ್ ಕೇಸ್ ಮತ್ತು ಅಚ್ಚಿನೊಳಗಿನ ಕ್ರೌನ್ ಚಕ್ರ, ಈ ಮೂರೂ ಕೂಡಿ ಮೊದಲನೆಯ ಗೇರಿನಲ್ಲಿ ಎಂಜಿನ್ನಿನ ತಿರುಗುಬಲವನ್ನು ಸುಮಾರು 25 ಪಟ್ಟು ಹೆಚ್ಚಿಸಬಲ್ಲವು. ಬಲ ಹೆಚ್ಚಿದಷ್ಟೂ ವೇಗ ಕುಗ್ಗುತ್ತದೆ. ಪ್ರಕೃತಿಯಲ್ಲಿ ಯಾವುದೂ ಪುಕ್ಕಟೆಯಾಗಿ ದೊರೆಯದು.

ಈಗ ಚಕ್ರದ ವಿಷಯ. ಅಚ್ಚು ಚಕ್ರವನ್ನು ತಿರುಗಿಸುತ್ತದೆ. ಚಕ್ರವು ನೆಲವನ್ನು ಹಿಂದಕ್ಕೆ ತಳ್ಳುತ್ತದೆ. ಅಚ್ಚಿನಿಂದ ನೆಲದವರೆಗಿನ ತ್ರಿಜ್ಯವು ಸನ್ನೆಕೋಲಿನ ತೋಳಿನಂತೆ. ತೋಳು ಉದ್ದವಾದಂತೆ ಅದರ ತುದಿಯಲ್ಲಿ ದೊರೆಯುವ ಬಲ ಕಡಿಮೆಯಾಗುತ್ತದೆ. ಹಳೆಯ ಟೈರಿನ ವ್ಯಾಸ 28 ಅಂಗುಲ, ಹೊಸದರದು 31 ಅಂಗುಲ ಎಂದು ಇಟ್ಟುಕೊಳ್ಳೋಣ. ನೆಲವನ್ನು ತಳ್ಳುವ ಬಲವು 31 ಪಾಲಿನಲ್ಲಿ 28 ಪಾಲಿಗೆ ಇಳಿಯಿತು. ಅಂದರೆ ಶೇಕಡ 10 ರಷ್ಟು ನಷ್ಟ. ಅಚ್ಚಿನ ಎತ್ತರವಾದರೋ ಮೂರು ಅಂಗುಲ ಹೆಚ್ಚಲಿಲ್ಲ. ವ್ಯಾಸದ ಅರ್ಧ ಮಾತ್ರ ಲೆಕ್ಕಕ್ಕೆ ಬರುವುದರಿಂದ ದೊರೆತದ್ದು ಒಂದೂವರೆ ಅಂಗುಲ. ಇನ್ನೊಂದು ಮೋಸವೂ ಇದೆ. ಟ್ರಾನ್ಸ್‌ಫರ್ ಕೇಸಿನಿಂದ ಹೊರಡುವ ದಂಡದ ಸುತ್ತುಗಳನ್ನು ಎಣಿಸುವ ವೇಗಮಾಪಕಕ್ಕೆ ಚಕ್ರ ದೊಡ್ಡದಾದುದು ತಿಳಿಯದು. ಅದು 60 ಕಿಲೋಮೀಟರ್ ಎಂದು ತೋರಿಸುವಾಗ ಜೀಪು 66 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ.

ಕಳೆದುಹೋದ ಬಲವನ್ನು ಮರಳಿ ಪಡೆಯುವುದು ಹೇಗೆ? ಇದಕ್ಕೆ ಹಲ್ಲುಗಳನ್ನು ಎಣಿಸಬೇಕು. ಯುದ್ಧಕಾಲದ ಜೀಪಿನ ಅಚ್ಚಿನಲ್ಲಿ 8 ಹಲ್ಲುಗಳ ಪಿನಿಯನ್ನು 39 ಹಲ್ಲುಗಳ ಕ್ರೌನ್ ಚಕ್ರವನ್ನು ತಿರುಗಿಸುತ್ತದೆ. 39 ನ್ನು 8 ರಿಂದ ಭಾಗಿಸಿದರೆ 4.875. ಹೊಲದ ಕೆಲಸಕ್ಕೂ ಒದಗಲೆಂದು 1945 ರಿಂದ ತಯಾರಾದ ನಾಗರಿಕ ಜೀಪಿನಲ್ಲಿ ಕ್ರೌನ್ ಚಕ್ರಕ್ಕೆ 43 ಹಲ್ಲುಗಳು, ಅನುಪಾತ 5.375. ಈ ಜೋಡಿಯನ್ನು ಹಳೆಯ ಜೀಪಿಗೆ ಹಾಕಿದರೆ ಬಲವು ಶೇಕಡ 10 ಕ್ಕೂ ಸ್ವಲ್ಪ ಹೆಚ್ಚು ಏರುತ್ತದೆ. ದೊಡ್ಡ ಟೈರು ಕಸಿದುಕೊಂಡುದನ್ನು ನಾಲ್ಕು ಹಲ್ಲುಗಳು ಬಹುಮಟ್ಟಿಗೆ ಹಿಂದಿರುಗಿಸಿದವು! ವೇಗಮಾಪಕವೂ ತಾನಾಗಿಯೇ ಸತ್ಯವನ್ನು ನುಡಿಯತೊಡಗುತ್ತದೆ. 43 ಹಲ್ಲಿನ ಚಕ್ರವೇ ಮೊದಲಿನಿಂದ ಇರುವ ಜೀಪಿಗೆ ಈ ಉಪಾಯ ಒದಗದು. ಅದರ ಒಡೆಯನು ಟೈರಿನ ಆಸೆಯನ್ನು ಮಿತಗೊಳಿಸುವುದೇ ಲೇಸು.

ಆದರೆ ಹಣ ಉಳಿಸಲೆಂದು ಹಿಂದಿನ ಅಚ್ಚನ್ನು ಮಾತ್ರ ಬದಲಾಯಿಸಿದರೆ ಏನಾದೀತು? ನಾಲ್ಕು ಚಕ್ರಗಳ ಚಾಲನೆಯನ್ನು ಹಾಕಿದಾಗ ಇಂತಹ ಜೀಪಿನ ಟ್ರಾನ್ಸ್‌ಫರ್ ಕೇಸ್ ಮುಂದಿನ ಮತ್ತು ಹಿಂದಿನ ದಂಡಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಆಗ ಹಿಂದಿನ ಚಕ್ರ ಹತ್ತು ಸುತ್ತು ತಿರುಗುವಷ್ಟರಲ್ಲಿ ಮುಂದಿನದು ಹನ್ನೊಂದು ಸುತ್ತು ತಿರುಗಲೆತ್ನಿಸುತ್ತದೆ. ಒಂದು ಎತ್ತು ಏರಿಗೆ, ಇನ್ನೊಂದು ನೀರಿಗೆ ಎಂಬಂತಾಗುತ್ತದೆ. ಕೆಸರಿನಲ್ಲಿ ಚಕ್ರವು ಜಾರಿ ಪಾರಾದೀತು. ಒಣ ರಸ್ತೆಯಲ್ಲಿ ದಂಡಗಳು ತಿರುಚಿ, ಹಲ್ಲುಗಳು ಮುರಿದಾವು. ಆದುದರಿಂದ ಎರಡೂ ಅಚ್ಚುಗಳಿಗೆ ಒಂದೇ ಅನುಪಾತವಿರಬೇಕು.

ಮೂಲ ತಯಾರಕರಲ್ಲದವರು ಮಾಡಿ ಮಾರಿದ ಭಾಗವೊಂದು ನಿಜವಾಗಿಯೂ ಉಪಕಾರ ಮಾಡಿದ ಉದಾಹರಣೆಯನ್ನೂ ಹೇಳಬೇಕು. ಒಳ್ಳೆಯ ರಸ್ತೆಯಲ್ಲಿ ಹಿಂದಿನ ಚಕ್ರಗಳ ಚಾಲನೆಯೊಂದೇ ಸಾಕು. ಆದರೂ ಮುಂದಿನ ಚಕ್ರಗಳು ತಮ್ಮ ಅಚ್ಚು, ಹಲ್ಲುಚಕ್ರ, ದಂಡ ಎಲ್ಲವನ್ನೂ ವ್ಯರ್ಥವಾಗಿ ತಿರುಗಿಸುತ್ತಲೇ ಇರುತ್ತವೆ. ಅಮೆರಿಕದ ಆರ್ಥರ್ ವಾರ್ನ್ ಎಂಬಾತನು 1948 ರಲ್ಲಿ ಸ್ಥಾಪಿಸಿದ ಕಂಪನಿಯು ಈ ಹೊರೆಯನ್ನು ತಪ್ಪಿಸುವ ಹಬ್ಬನ್ನು ತಯಾರಿಸಿ ಮಾರಿತು. ಹಬ್ಬನ್ನು ಬಿಡಿಸಿದರೆ ಚಕ್ರವು ಎತ್ತಿನಗಾಡಿಯ ಚಕ್ರದಂತೆ ಒಂಟಿಯಾಗಿ ಉರುಳುತ್ತದೆ. ಕೆಸರು ಬಂದಾಗ ಕೂಡಿಸಿಕೊಳ್ಳಬಹುದು.

ಈಗ ನಮ್ಮನ್ನು ಹೆದರಿಸಿದ ಬ್ರೇಕಿನ ಕಡೆಗೆ ಬರೋಣ. ಯುದ್ಧಕಾಲದ ಜೀಪಿನ ಬ್ರೇಕು ಡ್ರಮ್ಮಿನ ವ್ಯಾಸ 9 ಅಂಗುಲ. ಡ್ರಮ್ಮು ಚಕ್ರವನ್ನು ಹಿಡಿಯಲೆತ್ನಿಸುತ್ತದೆ. ನೆಲವು ಉದ್ದವಾದ ತೋಳಿನ ತುದಿಯಿಂದ ಅದನ್ನು ತಿರುಗಿಸಲೆತ್ನಿಸುತ್ತದೆ. ಏರುವಾಗ ಎಂಜಿನ್ನಿಗೆ ಎದುರಾದ ಅದೇ ಸನ್ನೆ ಇಳಿಯುವಾಗ ಬ್ರೇಕಿಗೂ ಎದುರಾಗುತ್ತದೆ. ಪೆಡಲಿನ ಒತ್ತಡ ಅಷ್ಟೇ ಇದ್ದರೆ ತಡೆಯುವ ಬಲ ಶೇಕಡ 10 ಕಡಿಮೆ. ಎಂಜಿನ್ನಿನ ಹಿಡಿತವೂ ಅಷ್ಟೇ ಸಡಿಲವಾಗುವುದರಿಂದ ಬ್ರೇಕಿನ ಹೊರೆ ಮತ್ತಷ್ಟು ಬೆಳೆಯುತ್ತದೆ. ಜನರೊಡನೆ 1300 ಕಿಲೋಗ್ರಾಂ ತೂಗುವ ಜೀಪು 500 ಮೀಟರ್ ಎತ್ತರದ ಘಟ್ಟವನ್ನು ಇಳಿಯುವಾಗ ಬಿಟ್ಟುಕೊಡುವ ಶಕ್ತಿಯೆಲ್ಲ ಶಾಖವಾದರೆ, ಅದರಿಂದ 20 ಡಿಗ್ರಿಯ 19 ಲೀಟರ್ ನೀರನ್ನು ಕುದಿಯುವ ಬಿಂದುವಿಗೆ ತರಬಹುದು! ಇದರಲ್ಲಿ ಎಂಜಿನ್ನು ಹೊರದೆ ಉಳಿದ ಪಾಲು ಹೆಚ್ಚಾಗಿ ಆ ಪುಟ್ಟ ಡ್ರಮ್ಮುಗಳಿಗೆ ಬೀಳುತ್ತದೆ. ಅತಿಯಾಗಿ ಕಾದ ಪಟ್ಟಿಗಳ ಘರ್ಷಣೆ ಕುಗ್ಗುತ್ತದೆ. ಅಂದು ನಮ್ಮ ಮೂಗಿಗೆ ಬಡಿದದ್ದು ಆ ವಾಸನೆಯೇ. ದೊಡ್ಡ ಚಕ್ರವನ್ನು ಬಯಸುವವನು 11 ಅಂಗುಲದ ಡ್ರಮ್ಮನ್ನೋ ಡಿಸ್ಕ್ ಬ್ರೇಕನ್ನೋ ಮೊದಲು ಹಾಕಿಸಬೇಕು.

ಕೊನೆಯದು ಗುರುತ್ವಕೇಂದ್ರ. ಈ ಜೀಪಿನ ಎಡಬಲ ಚಕ್ರಗಳ ನಡುವಣ ಅಂತರ ಸುಮಾರು 49 ಅಂಗುಲ. ಗುರುತ್ವಕೇಂದ್ರವು ನೆಲದಿಂದ 25 ಅಂಗುಲ ಎತ್ತರದಲ್ಲಿದೆಯೆಂದು ಭಾವಿಸಿದರೆ, ಜೀಪು ಪಕ್ಕಕ್ಕೆ 44 ಡಿಗ್ರಿ ವಾಲುವವರೆಗೂ ಮಗುಚದು. ಟೈರು ಮತ್ತು ಸ್ಪ್ರಿಂಗು ಕೂಡಿ ಅದನ್ನು ನಾಲ್ಕು ಅಂಗುಲ ಎತ್ತರಿಸಿದರೆ ಈ ಕೋನ 40 ಕ್ಕೆ ಇಳಿಯುತ್ತದೆ. ಇದು ನಿಂತ ಜೀಪಿನ ಲೆಕ್ಕ. ಓಡುವಾಗ ಸ್ಪ್ರಿಂಗು, ಟೈರುಗಳು ಒಂದು ಪಕ್ಕಕ್ಕೆ ಕುಗ್ಗುವುದರಿಂದ ಅಪಾಯ ಇನ್ನೂ ಬೇಗ ಬರುತ್ತದೆ. ಮೊದಲು ನಿರಾಯಾಸವಾಗಿ ದಾಟುತ್ತಿದ್ದ ತಿರುವಿನಲ್ಲಿಯೇ ಜೀಪು ಮಗುಚೀತು.

ಕಾನೂನೂ ಈ ವಿಷಯದಲ್ಲಿ ಸುಮ್ಮನಿಲ್ಲ. 1988 ರ ಮೋಟಾರು ವಾಹನ ಕಾಯಿದೆಯ 52 ನೆಯ ಕಲಮು, ನೋಂದಣಿಯ ವಿವರಗಳು ತಯಾರಕನು ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ; 2019 ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿಯಿತು. ಆದುದರಿಂದ ಬದಲಾವಣೆಗೆ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಅವಶ್ಯಕ.

ಆ ತರುಣನು ಮುಂದೆ ದೊಡ್ಡ ಟೈರುಗಳನ್ನು ಬಿಚ್ಚಿ, ತಾತನು ಬಳಸುತ್ತಿದ್ದ ಅಳತೆಯವನ್ನೇ ಹಾಕಿಸಿದನು. ಮರುವರ್ಷದ ಮಳೆಗಾಲದಲ್ಲಿ ಅದೇ ಘಟ್ಟವನ್ನು ನಾವು ಅವನೊಡನೆ ಮತ್ತೆ ಇಳಿದೆವು. ಅವನು ಕೆಳಗಿನ ಗೇರಿನಲ್ಲಿಯೇ ಜೀಪನ್ನು ನಿಧಾನವಾಗಿ ಇಳಿಸಿದನು. ಬ್ರೇಕಿನ ಮೇಲೆ ಕಾಲಿಟ್ಟದ್ದು ಕಡಿದಾದ ತಿರುವುಗಳಲ್ಲಿ ಮಾತ್ರ. ಈ ಬಾರಿ ನಮ್ಮ ಮೂಗಿಗೆ ಬಂದದ್ದು ಮಳೆಯಲ್ಲಿ ನೆಂದ ಕಾಡಿನ ವಾಸನೆಯೊಂದೇ.