ಕಿವಿ ಮೂಡುವ ಹೊತ್ತು

ಹೆಬ್ಬಾಳದಿಂದ ಯಲಹಂಕದತ್ತ ಬಳ್ಳಾರಿ ರಸ್ತೆಯಲ್ಲಿ ಸಾಗುವವರಿಗೆ ಗಾಂಧಿ ಕೃಷಿ ವಿಜ್ಞಾನ ಕೇಂದ್ರ ಚಿರಪರಿಚಿತ. ಕೃಷಿಮೇಳಕ್ಕೆಂದು ಅಲ್ಲಿಗೆ ಹೋಗಿಬಂದ ಭಕ್ತರೂ ಅನೇಕರಿದ್ದಾರೆ. ಅದೇ ಆವರಣದಲ್ಲಿರುವ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿ ರಾಜ್ ಲಾಧರ್ ಅವರ ಪ್ರಯೋಗಾಲಯವು ಕೋಳಿ ಮತ್ತು ಇಲಿಗಳ ಭ್ರೂಣಗಳಲ್ಲಿ ಒಳಕಿವಿ ರೂಪುಗೊಳ್ಳುವ ಬಗೆಯನ್ನು ಅಧ್ಯಯನ ಮಾಡುತ್ತಿದೆ. ಕೋಳಿಮರಿಯ ಕಿವಿಗೂ ನಮ್ಮ ಮನೆಯ ಕೂಸಿಗೂ ಏನು ಸಂಬಂಧವೆಂದು ಕೇಳಬಹುದು. ಬೆನ್ನೆಲುಬುಳ್ಳ ಜೀವಿಗಳಲ್ಲಿ ಒಳಕಿವಿ ಮೂಡುವ ಮೊದಲ ಹೆಜ್ಜೆಗಳು ಬಹುಮಟ್ಟಿಗೆ ಒಂದೇ.

ಕಾವು ಕೊಟ್ಟ ಮೊಟ್ಟೆಯಲ್ಲಿ ಎರಡನೆಯ ದಿನ, ಹಿಂಮಿದುಳಿನ ಎರಡೂ ಪಕ್ಕಗಳಲ್ಲಿ ಹೊರಪದರ ತುಸು ದಪ್ಪವಾಗುತ್ತದೆ. ಬಳಿಕ ಒಳಕ್ಕೆ ತಗ್ಗಿ, ಬಟ್ಟಲಾಗಿ, ಬಾಯಿ ಮುಚ್ಚಿ ಸಣ್ಣ ಗುಳ್ಳೆಯಾಗುತ್ತದೆ. ಶಬ್ದವನ್ನು ಗ್ರಹಿಸುವ ಭಾಗವೂ ದೇಹದ ಸಮತೋಲವನ್ನು ಕಾಯುವ ಭಾಗವೂ ಆ ಗುಳ್ಳೆಯಿಂದಲೇ ಆಗುವಂಥವು. ಚರ್ಮವಾಗಬಹುದಾಗಿದ್ದ ಜೀವಕೋಶಗಳಿಗೆ ಕಿವಿಯಾಗಿರೆಂದು ಹೇಳಿದವರು ಯಾರು? ಲಾಧರ್ ಅವರು ಬೆಂಗಳೂರಿಗೆ ಬರುವ ಮುನ್ನವೇ, 2000ದಲ್ಲಿ, ಸಂಗಡಿಗರೊಡನೆ ಇದಕ್ಕೆ ಉತ್ತರ ಪ್ರಕಟಿಸಿದರು. ಕೆಳಪದರದಿಂದ ಎಫ್‌ಜಿಎಫ್ ಎಂಬ ಪ್ರೋಟೀನು, ಪಕ್ಕದ ಮಿದುಳಿನ ಭಾಗದಿಂದ ವಿಂಟ್ ಎಂಬ ಪ್ರೋಟೀನು, ಇವೆರಡೂ ಕೂಡಿ ಆ ಕರೆ ಕೊಡುತ್ತವೆ. ಅವು ಕೋಶದ ಹೊರಮೈಯ ಗ್ರಾಹಕಗಳನ್ನು ಮುಟ್ಟಿದೊಡನೆ ಸುದ್ದಿ ಕೈಯಿಂದ ಕೈಗೆ ದಾಟಿ ಒಳಗಿನ ಜೀನುಗಳನ್ನು ಎಚ್ಚರಿಸುತ್ತದೆ. ವಿಸ್ಮಯವೆಂದರೆ, ಕೆಲಸ ಆರಂಭಿಸಿದ ಎಫ್‌ಜಿಎಫ್ ಸಕಾಲದಲ್ಲಿ ಹಿಂದೆ ಸರಿಯಲೂ ಬೇಕು. ಅದು ಪಟ್ಟುಹಿಡಿದು ನಿಂತರೆ ಕಿವಿಯ ಬೆಳವಣಿಗೆ ಕೆಡುತ್ತದೆ.

ಮುಂದೆ ನಾಚ್ ಎಂಬ ಇನ್ನೊಂದು ಸಂಕೇತಮಾರ್ಗದ ಸರದಿ. ಕೇಳುವ ಕೋಶವಾಗಲು ಹೊರಟದ್ದು ತನ್ನ ನೆರೆಯ ಕೋಶಗಳನ್ನು ಅದೇ ದಾರಿ ಹಿಡಿಯದಂತೆ ತಡೆಯುತ್ತದೆ. ಅವು ಅದಕ್ಕೆ ಆಸರೆಯ ಕೋಶಗಳಾಗಿ ನಿಲ್ಲುತ್ತವೆ. ಮನುಷ್ಯನ ಒಂದು ಕಿವಿಯಲ್ಲಿ ಕೇಳುವ ಕೋಶಗಳಿರುವುದು ಸುಮಾರು 15 ಸಾವಿರ. ಕೋಳಿಯಲ್ಲಿ ಅವು ನಾಶವಾದರೆ ಮರಳಿ ಹುಟ್ಟುತ್ತವೆ, ನಮ್ಮಲ್ಲಿ ಹುಟ್ಟುವುದಿಲ್ಲ. ಈ ಒಂದು ವಿಷಯದಲ್ಲಿ ಕೋಳಿಯೇ ಭಾಗ್ಯಶಾಲಿ.

ಮಾನವ ಭ್ರೂಣದಲ್ಲಿ ಆ ಪದರ ದಪ್ಪವಾಗುವುದು ಗರ್ಭಾಂಕುರವಾದ ಸುಮಾರು 22ನೆಯ ದಿನ. ಆಗ ಮುಟ್ಟು ತಪ್ಪಿ ವಾರವಷ್ಟೇ ಆಗಿರುತ್ತದೆ. ಎಷ್ಟೋ ತಾಯಂದಿರಿಗೆ ತಾವು ಗರ್ಭಿಣಿಯೆಂಬುದೇ ತಿಳಿದಿರುವುದಿಲ್ಲ. ಆದರೂ ಮಗು ಕಿವುಡಾಗಿ ಹುಟ್ಟಿದರೆ, ಗ್ರಹಣದಲ್ಲಿ ಹೊರಗೆ ಬಂದಳೆಂದೋ ಕತ್ತರಿ ಹಿಡಿದಳೆಂದೋ ಬಾಣಂತಿಯನ್ನು ದೂರುವ ಮನೆಗಳು ಇನ್ನೂ ಇವೆ. ಇದನ್ನು ನಾವು ಕ್ರೌರ್ಯವೆಂದೇ ಭಾವಿಸುತ್ತೇವೆ. ಅನೇಕ ಸಂದರ್ಭಗಳಲ್ಲಿ ಕಾರಣ ಅನುವಂಶೀಯ: ಕಿವಿ ಚೆನ್ನಾಗಿ ಕೇಳುವ ತಂದೆತಾಯಿಗಳಿಬ್ಬರಲ್ಲೂ ಅಡಗಿದ್ದ ಒಂದೇ ಜೀನಿನ ದೋಷ ಮಗುವಿನಲ್ಲಿ ಕೂಡಿಬರುತ್ತದೆ. ಸೋದರಮಾವನೊಡನೆ, ಅತ್ತೆಯ ಮಗನೊಡನೆ ಮದುವೆಯಾಗುವ ನಮ್ಮ ರೂಢಿಯಲ್ಲಿ ಈ ಸಂಭವ ಹೆಚ್ಚು.

ತಡೆಯಬಹುದಾದ ಕಾರಣಗಳೂ ಇವೆ. ಗರ್ಭದ ಮೊದಲ 12 ವಾರಗಳಲ್ಲಿ ತಗಲುವ ರುಬೆಲ್ಲಾ ಸೋಂಕು ಮಗುವಿನ ಕಿವಿ, ಕಣ್ಣು, ಹೃದಯಗಳನ್ನು ಕೆಡಿಸುತ್ತದೆ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಆರಂಭವಾದ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ 15 ವರ್ಷದೊಳಗಿನವರಿಗಾಗಿತ್ತು. ಆಗ ಆ ವಯಸ್ಸು ದಾಟಿದ್ದ ಹೆಣ್ಣುಮಕ್ಕಳು ಮಕ್ಕಳನ್ನು ಬಯಸುವ ಮುನ್ನ ವೈದ್ಯರನ್ನು ಕೇಳಿಕೊಳ್ಳಲಿ. ಗರ್ಭಿಣಿಯರಿಗೆ ಈ ಲಸಿಕೆ ಕೊಡುವುದಿಲ್ಲ. ಪಡೆದ ಮೇಲೆ ಒಂದು ತಿಂಗಳು ಗರ್ಭ ಧರಿಸಬಾರದು. ಇನ್ನೊಂದು, ಮೊಡವೆಗೆ ನುಂಗುವ ಐಸೊಟ್ರೆಟಿನೋಯಿನ್ ಮಾತ್ರೆ. ಎ ಜೀವಸತ್ವದಿಂದಾಗುವ ರೆಟಿನೋಯಿಕ್ ಆಮ್ಲವನ್ನು ಭ್ರೂಣ ತಾನೇ ಸಂಕೇತವಾಗಿ ಬಳಸುತ್ತದೆ. ಈ ಮಾತ್ರೆ ಅದೇ ಜಾತಿಯದಾದ್ದರಿಂದ ಹೊತ್ತಲ್ಲದ ಹೊತ್ತಿನಲ್ಲಿ ಸುಳ್ಳು ಕರೆ ಕೊಟ್ಟಂತಾಗಿ ಕಿವಿ, ಮಿದುಳು, ಹೃದಯಗಳು ವಿಕಾರಗೊಳ್ಳಬಹುದು. ಗರ್ಭ ಧರಿಸುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲೇ ಅದನ್ನು ನಿಲ್ಲಿಸಿರಬೇಕು.

ಕೂಸು ಹುಟ್ಟಿದ ಮೇಲೆ, ತಟ್ಟೆ ಬಡಿದಾಗ ತಿರುಗಿ ನೋಡಿತೆಂದು ಸಮಾಧಾನಪಟ್ಟುಕೊಳ್ಳಬೇಡಿ. ಕೂಸು ಅದುರಿಗೂ ನೆರಳಿಗೂ ತಿರುಗುತ್ತದೆ. ತಿಂಗಳು ತುಂಬುವುದರೊಳಗೆ ಶ್ರವಣ ಪರೀಕ್ಷೆ ಮಾಡಿಸಿ. ದೋಷ ಕಂಡರೆ ಮೂರು ತಿಂಗಳೊಳಗೆ ಖಚಿತಪಡಿಸಿಕೊಂಡು, ಆರು ತಿಂಗಳೊಳಗೆ ಶ್ರವಣ ಸಾಧನವನ್ನೂ ಮಾತಿನ ತರಬೇತಿಯನ್ನೂ ಆರಂಭಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ವ್ಯವಸ್ಥೆಯಿದೆ.