ಹಳೆಯ ಮಿಂಚಂಚೆಗಳನ್ನು ಹೊಸ ಪೆಟ್ಟಿಗೆಗೆ ಸಾಗಿಸುವ ಬಗೆ

ಕಾಗದಪತ್ರಗಳನ್ನು ಜೋಪಾನ ಮಾಡದ ತೋಟ ಬೇಲಿಯಿಲ್ಲದ ತೋಟಕ್ಕೆ ಸಮ. ಈ ಮಾತನ್ನು ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕ್ಯೂರಿಂಗ್ ವರ್ಕ್ಸಿನ ರಸೀತಿ, ಮಂಡಿಯ ಪಟ್ಟಿ, ಬಟವಾಡೆಯ ಪುಸ್ತಕ, ಸರ್ವೆಯ ನಕಾಶೆ ಎಲ್ಲವನ್ನೂ ಅವರು ಕಂತೆ ಕಟ್ಟಿ ಟ್ರಂಕಿನಲ್ಲಿಟ್ಟು, ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಬಿಸಿಲು ತೋರಿಸುತ್ತಿದ್ದರು. ನಮ್ಮ ಕಾಲಕ್ಕೆ ಆ ಟ್ರಂಕು ಕಂಪ್ಯೂಟರಿನೊಳಗೆ ಸೇರಿದೆ. ಆದರೆ ಬಿಸಿಲು ತೋರಿಸುವ ಪದ್ಧತಿ ಮಾತ್ರ ಬಿಟ್ಟುಹೋಗಿದೆ.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಮಲೆನಾಡಿನ ತೋಟಗಳಿಗೆ ಟೆಲಿಫೋನ್ ತಂತಿಯ ಮೇಲೆ ಅದು ತೆವಳುತ್ತ ಬರಲು ಇನ್ನೂ ಕೆಲವು ವರ್ಷಗಳು ಹಿಡಿದವು. ಆಗ ನಮ್ಮ ಸದಸ್ಯರಲ್ಲಿ ಹಲವರು ವಿಂಡೋಸ್ ಜೊತೆಗೇ ಬರುತ್ತಿದ್ದ ಔಟ್‌ಲುಕ್ ಎಕ್ಸ್‌ಪ್ರೆಸ್ ಎಂಬ ಪ್ರೋಗ್ರಾಮಿನಲ್ಲಿ ಪತ್ರ ವ್ಯವಹಾರ ನಡೆಸಿದರು. ಲೈನಿನ ಬಾಡಿಗೆ ನಿಮಿಷದ ಲೆಕ್ಕದಲ್ಲಿದ್ದ ಕಾಲವದು. ಆದುದರಿಂದ ಬಂದ ಪತ್ರಗಳನ್ನು ಇಳಿಸಿಕೊಂಡು, ಲೈನು ಕಡಿದು, ನಿಧಾನವಾಗಿ ಓದುವುದೇ ರೂಢಿಯಾಗಿತ್ತು. ಇಳಿಸಿಕೊಂಡ ಪತ್ರದ ಪ್ರತಿ ಸಾಮಾನ್ಯವಾಗಿ ಕಂಪನಿಯ ಕಡೆ ಉಳಿಯುತ್ತಿರಲಿಲ್ಲ. ಅಂದರೆ ಆ ಹತ್ತು ಹದಿನೈದು ವರ್ಷಗಳ ಪತ್ರಗಳು ಎಲ್ಲಾದರೂ ಇದ್ದರೆ, ಅದು ನಿಮ್ಮ ಅಟ್ಟದ ಮೇಲಿರುವ ಹಳೆಯ ಕಂಪ್ಯೂಟರಿನಲ್ಲಿ ಮಾತ್ರ.

ಇರುವುದು ಬೇರೆ, ಓದಲು ಬರುವುದು ಬೇರೆ

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರ್ ಬಂಡೆಯ ಮೇಲಿನ ಶಾಸನವೊಂದನ್ನು ಗುರುತಿಸಿದ. ಅದು ಅಶೋಕನ ಶಾಸನ. ಅದರಲ್ಲಿ ದೊರೆಯ ಹೆಸರು 'ಅಶೋಕ' ಎಂದೇ ಇದ್ದುದರಿಂದ ಇತಿಹಾಸಕಾರರಿಗೆ ದೊಡ್ಡ ಆಧಾರ ದೊರೆಯಿತು. ಆ ಬಂಡೆ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಇತ್ತು. ಆದರೆ 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಬಿಡಿಸಿರದಿದ್ದರೆ ಬೀಡನ್ ಕಂಡದ್ದು ಬರಿಯ ಗೀಟುಗಳಾಗಿರುತ್ತಿದ್ದವು.

ಅದೇ ಜಿಲ್ಲೆಯ ಇನ್ನೊಂದು ನಿದರ್ಶನ ನೋಡಿ. ರಾಯಚೂರು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಸರಕಾರದ ಆಡಳಿತ ಭಾಷೆ ಉರ್ದು. ದೇವದುರ್ಗ, ಮಾನ್ವಿಗಳ ರೈತನ ಮನೆಯಲ್ಲಿ ಅಜ್ಜನ ಕಾಲದ ಉರ್ದು ಕಾಗದವಿದ್ದರೆ, ಅದನ್ನು ಓದಿ ಹೇಳಲು ಬಲ್ಲವರನ್ನು ಹುಡುಕಬೇಕು. ಮುಂದೆ 2000ದ ಸುಮಾರಿಗೆ ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಸರಕಾರ ಬದಲಾದಾಗ, ಭಾಷೆ ಬದಲಾದಾಗ, ಯಂತ್ರ ಬದಲಾದಾಗ ದಾಖಲೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಲೇಬೇಕು. ಸಾಗಿಸುವಾಗ ಉದಾಸೀನ ಮಾಡಿದವನಿಗೆ ನಷ್ಟ. ಮಿಂಚಂಚೆಯ ವಿಷಯವೂ ಇಷ್ಟೇ.

ಏಕೆ ಸಾಗಿಸಬೇಕು?

"ಹಳೆಯ ಪತ್ರಗಳಿಂದ ಈಗೇನು ಪ್ರಯೋಜನ?" ಎಂದು ಕೇಳುವ ಸದಸ್ಯರಿದ್ದಾರೆ. ನಮ್ಮ ಭಾಗದ ಒಂದು ಸಂಗತಿಯನ್ನು ಹೆಸರುಗಳನ್ನು ಬಿಟ್ಟು ಹೇಳುತ್ತೇನೆ. ಹಣ್ಣು ಕೊಯ್ಲಿಗೆ ರಾಯಚೂರು ಕಡೆಯ ಆಳುಗಳು ಬರುವ ತೋಟಗಳು ನಮ್ಮಲ್ಲಿ ಕೆಲವಿವೆ. ಅಂಥ ಒಂದು ತೋಟಕ್ಕೆ ದೇವದುರ್ಗ ತಾಲೂಕಿನ ಮೇಸ್ತ್ರಿಯೊಬ್ಬರು ಪ್ರತಿ ವರ್ಷ ಆಳುಗಳನ್ನು ಕರೆತರುತ್ತಿದ್ದರು. ಸುಗ್ಗಿ ಮುಗಿದ ಮೇಲೆ, ಯಾರಿಗೆ ಎಷ್ಟು ಮುಂಗಡ, ಯಾರ ಹಣ ಯಜಮಾನರ ಬಳಿ ಉಳಿದಿದೆ ಎಂಬ ಪಟ್ಟಿಯನ್ನು ಅವರ ಮಗ ರಾಯಚೂರು ಪಟ್ಟಣದ ಕಂಪ್ಯೂಟರ್ ಸೆಂಟರಿನಲ್ಲಿ ಕನ್ನಡದಲ್ಲಿ ಟೈಪು ಮಾಡಿಸಿ ಮಿಂಚಂಚೆಯಲ್ಲಿ ಕಳಿಸುತ್ತಿದ್ದ. ಯಜಮಾನರು ಒಪ್ಪಿಗೆ ಬರೆಯುತ್ತಿದ್ದರು.

ಕಳೆದ ಸುಗ್ಗಿಯಲ್ಲಿ ಮಾನ್ವಿ ತಾಲೂಕಿನ ಹೆಂಗಸೊಬ್ಬಳು ಮೇಸ್ತ್ರಿಯ ಜೊತೆಗೆ ಬಂದಳು. ಗಂಡ ತೀರಿಕೊಂಡಿದ್ದ. ಹಿಂದೆ ಅವನು ಬಿಟ್ಟುಹೋಗಿದ್ದ ಹಣ ಬರಬೇಕೆಂದು ಅವಳ ಮಾತು; ಕೊಟ್ಟಾಗಿದೆಯೆಂದು ಯಜಮಾನರ ನೆನಪು. ಬಟವಾಡೆ ಪುಸ್ತಕ 2019ರ ಆಗಸ್ಟ್ ಮಳೆಯಲ್ಲಿ ನೆನೆದು ಮುದ್ದೆಯಾಗಿತ್ತು. "ಯಜಮಾನ್ರ, ನಮ್ಮ ಲೆಕ್ಕ ನಿಮ್ಮ ಕಂಪ್ಯೂಟರಿನಾಗ ಐತ್ರಿ, ಒಂದ್ಸಲ ತಗದು ನೋಡ್ರಿ" ಎಂದರು ಮೇಸ್ತ್ರಿ. ಅಟ್ಟದಿಂದ ಕಂಪ್ಯೂಟರ್ ಇಳಿಸಿ ಸಂಘದ ಕಛೇರಿಗೆ ತಂದರು. ಪತ್ರಗಳು ಸಿಕ್ಕವು. ಹಣ ಕೊಟ್ಟಿರಲಿಲ್ಲ. ಯಜಮಾನರು ಒಂದು ಮಾತೂ ಆಡದೆ ಅದನ್ನು ಬಡ್ಡಿ ಸೇರಿಸಿ ಕೊಟ್ಟರು. ಪತ್ರ ಸಿಗದೆ ಹೋಗಿದ್ದರೆ ಸುಳ್ಳು ಹೇಳಿದ ಅಪವಾದ ಆ ಹೆಂಗಸಿನ ಮೇಲೆ ಉಳಿಯುತ್ತಿತ್ತು.

ಕಾನೂನಿನ ಮಾತೂ ಇದೆ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 7ನೆಯ ಪ್ರಕರಣದಂತೆ, ಕಾನೂನು ಪ್ರಕಾರ ಕಾಯ್ದಿಡಬೇಕಾದ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ಇಡಬಹುದು. ಆದರೆ ಅವು ಮುಂದೆ ತೆರೆದು ನೋಡಲು ಬರುವಂತಿರಬೇಕು. ಮೂಲ ರೂಪದಲ್ಲಿ ಅಥವಾ ಮೂಲವನ್ನು ಸರಿಯಾಗಿ ತೋರಿಸುವ ರೂಪದಲ್ಲಿರಬೇಕು. ಎಲ್ಲಿಂದ, ಎಲ್ಲಿಗೆ, ಯಾವ ದಿನ, ಯಾವ ಹೊತ್ತಿಗೆ ಎಂಬ ವಿವರ ಉಳಿದಿರಬೇಕು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣವು ಇಂಥ ದಾಖಲೆಯನ್ನು ನ್ಯಾಯಾಲಯದ ಮುಂದಿಡುವಾಗ ಪ್ರಮಾಣಪತ್ರವನ್ನು ಕೇಳುತ್ತದೆ.

ಕಾಫಿ ಬೆಳೆಗಾರರಿಗೆ ಇನ್ನೂ ಒಂದು ಕಾರಣವುಂಟು. ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದ ಅರಣ್ಯನಾಶ ತಡೆ ನಿಯಮದಂತೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ ಕಾಫಿಗೆ ಅಲ್ಲಿ ಪ್ರವೇಶವಿಲ್ಲ. ಅದರ ಜಾರಿಯ ದಿನ ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹೋಗಿದೆ. ಆದರೂ ತೋಟ ಹಳೆಯದೆಂದು ತೋರಿಸುವ ನಕಾಶೆ, ಫೋಟೋ, ಸಾಲದ ಪತ್ರ ಮಿಂಚಂಚೆಯಲ್ಲಿದ್ದರೆ ಅದನ್ನು ಕಳೆದುಕೊಳ್ಳುವುದು ಜಾಣತನವಲ್ಲ.

ಯಾವ ಪೆಟ್ಟಿಗೆಯಲ್ಲಿ ಏನಿದೆ?

ಒಂದು ಮಿಂಚಂಚೆ ಎಂದರೆ ಮೂಲತಃ ಸಾದಾ ಬರಹದ ಕಡತ. ಮೇಲೆ ತಲೆಬರಹ: ಯಾರಿಂದ, ಯಾರಿಗೆ, ಎಂದು, ಯಾವ ದಾರಿಯಲ್ಲಿ. ಕೆಳಗೆ ಒಕ್ಕಣೆ. ಚಿತ್ರ ಮೊದಲಾದ ಲಗತ್ತುಗಳೂ ಅಕ್ಷರಗಳ ರೂಪ ತಾಳಿ ಅದರೊಳಗೇ ಕುಳಿತಿರುತ್ತವೆ; ಹಾಗಾಗಿ ಅವುಗಳ ಗಾತ್ರ ಸುಮಾರು ಮೂರನೆಯ ಒಂದು ಪಾಲು ಹೆಚ್ಚುತ್ತದೆ. ಪತ್ರ ಎಲ್ಲ ಪ್ರೋಗ್ರಾಮಿಗೂ ಒಂದೇ. ಕಟ್ಟಿಡುವ ಚೀಲ ಮಾತ್ರ ಬೇರೆ ಬೇರೆ.

ಔಟ್‌ಲುಕ್ ಎಕ್ಸ್‌ಪ್ರೆಸ್ ಒಂದೊಂದು ಫೋಲ್ಡರಿಗೆ ಒಂದೊಂದು ಡಿಬಿಎಕ್ಸ್ ಕಡತ ಮಾಡುತ್ತದೆ. ಆಫೀಸಿನ ದೊಡ್ಡ ಔಟ್‌ಲುಕ್ ಬೇರೆಯೇ ಪ್ರೋಗ್ರಾಮು. ಅದು ಎಲ್ಲವನ್ನೂ ಒಂದೇ ಪಿಎಸ್‌ಟಿ ಕಡತದಲ್ಲಿ ತುಂಬುತ್ತದೆ. ಥಂಡರ್‌ಬರ್ಡ್ ಸಾಮಾನ್ಯವಾಗಿ ಎಂಬಾಕ್ಸ್ ಎಂಬ ರೂಪದಲ್ಲಿ ಒಂದರ ಕೆಳಗೊಂದು ಪತ್ರ ಪೋಣಿಸುತ್ತದೆ. ಒಂದೊಂದು ಪತ್ರವನ್ನೂ ಬಿಡಿಯಾಗಿ ಇಟ್ಟರೆ ಅದು ಇಎಂಎಲ್. ಎಂಬಾಕ್ಸ್, ಇಎಂಎಲ್ ಎರಡನ್ನೂ ಬಹಳಷ್ಟು ಪ್ರೋಗ್ರಾಮುಗಳು ಓದಬಲ್ಲವು. ಡಿಬಿಎಕ್ಸ್ ಓದುವವರು ಇಂದು ವಿರಳ. ಆದುದರಿಂದ ಮುಚ್ಚಿದ ಚೀಲದಿಂದ ತೆರೆದ ಚೀಲಕ್ಕೆ ಸಾಗಿಸುವುದು ನಮ್ಮ ಗುರಿ.

ಸಾಗಿಸುವ ಕ್ರಮ

ಮೊದಲನೆಯದಾಗಿ, ಹಳೆಯ ಕಂಪ್ಯೂಟರಿಗೆ ಕೈಹಾಕುವ ಮುನ್ನ ಪತ್ರಗಳ ಕಡತಗಳನ್ನು ಇದ್ದ ಹಾಗೆಯೇ ಒಂದು ಪೆನ್ ಡ್ರೈವಿಗೆ ನಕಲು ಮಾಡಿ ಪ್ರತ್ಯೇಕವಾಗಿಡಿ. ಆ ನಕಲನ್ನು ಮುಟ್ಟಬಾರದು. ಔಟ್‌ಲುಕ್ ಎಕ್ಸ್‌ಪ್ರೆಸ್ ತೆರೆದಾಗ ಜಾಗ ಕಿರಿದು ಮಾಡಲೇ ಎಂದು ಕೇಳಿದರೆ ಬೇಡವೆನ್ನಿ. ಡಿಬಿಎಕ್ಸ್ ಕಡತಗಳು ಸಿಡಿಯಲ್ಲಿದ್ದರೆ ಅವನ್ನು ಕಂಪ್ಯೂಟರಿಗೆ ನಕಲಿಸಿದ ಮೇಲೆ 'ಓದಲು ಮಾತ್ರ' ಎಂಬ ಗುರುತನ್ನು ತೆಗೆಯಬೇಕು. ಇಲ್ಲದಿದ್ದರೆ ಪ್ರೋಗ್ರಾಮು ಅವನ್ನು ಸ್ವೀಕರಿಸುವುದಿಲ್ಲ.

ಎರಡನೆಯದಾಗಿ, ಹಳೆಯ ಕಂಪ್ಯೂಟರ್ ಇನ್ನೂ ಚಾಲೂ ಆಗುತ್ತಿದ್ದರೆ ಔಟ್‌ಲುಕ್ ಎಕ್ಸ್‌ಪ್ರೆಸ್ ತೆರೆಯಿರಿ. ಒಂದು ಫೋಲ್ಡರಿನ ಪತ್ರಗಳನ್ನೆಲ್ಲ ಆಯ್ದು, ಮೌಸಿನಿಂದ ಎಳೆದು, ಹೊರಗೆ ಮಾಡಿಟ್ಟ ಖಾಲಿ ಫೋಲ್ಡರಿಗೆ ಹಾಕಿ. ಪ್ರತಿ ಪತ್ರವೂ ಒಂದೊಂದು ಇಎಂಎಲ್ ಕಡತವಾಗಿ ಇಳಿಯುತ್ತದೆ. ಬಂದದ್ದು, ಕಳಿಸಿದ್ದು ಎರಡನ್ನೂ ತೆಗೆಯಿರಿ; ಕಳಿಸಿದ್ದನ್ನು ಮರೆಯುವವರೇ ಹೆಚ್ಚು.

ಮೂರನೆಯದಾಗಿ, ಹೊಸ ಕಂಪ್ಯೂಟರಿನಲ್ಲಿ ಥಂಡರ್‌ಬರ್ಡ್ ಹಾಕಿಕೊಳ್ಳಿ. ಇದು ಉಚಿತ. ಇದಕ್ಕೆ 'ಇಂಪೋರ್ಟ್ ಎಕ್ಸ್‌ಪೋರ್ಟ್ ಟೂಲ್ಸ್ ಎನ್‌ಜಿ' ಎಂಬ ಸೇರ್ಪಡೆಯೂ ಉಚಿತವಾಗಿ ದೊರೆಯುತ್ತದೆ. ಅದರ ಮೂಲಕ ಇಎಂಎಲ್ ಕಡತಗಳಿರುವ ಫೋಲ್ಡರನ್ನು ತೋರಿಸಿದರೆ ಪತ್ರಗಳೆಲ್ಲ ಒಳಬರುತ್ತವೆ.

ನಾಲ್ಕನೆಯದಾಗಿ, ಒಂದು ಪ್ರತಿ ಆನ್‌ಲೈನಿನಲ್ಲಿಯೂ ಇರಲಿ ಎನ್ನುವವರು ಥಂಡರ್‌ಬರ್ಡಿನಲ್ಲೇ ತಮ್ಮ ಜಿಮೇಲ್ ಖಾತೆಯನ್ನು ಐಮ್ಯಾಪ್ ವಿಧಾನದಲ್ಲಿ ಸೇರಿಸಿ, ಹಳೆಯ ಫೋಲ್ಡರಿನಿಂದ ಅದರೊಳಗೆ ಪತ್ರಗಳನ್ನು ನಕಲು ಮಾಡಬಹುದು. ನೂರು ಇನ್ನೂರರ ಕಂತಿನಲ್ಲಿ ಮಾಡಿ. ನಮ್ಮ ಕಡೆಯ ಕರೆಂಟು, ನೆಟ್‌ವರ್ಕು ಎರಡನ್ನೂ ನಂಬುವಂತಿಲ್ಲ. ಪಿಎಸ್‌ಟಿ ಇರುವವರೂ ಹಳೆಯ ಮಾದರಿಯ ಔಟ್‌ಲುಕ್‌ನಲ್ಲಿ ಅದನ್ನು ತೆರೆದು ಇದೇ ಐಮ್ಯಾಪ್ ದಾರಿಯಲ್ಲಿ ಸಾಗಿಸಬಹುದು. ಆದರೆ ಔಟ್‌ಲುಕ್ ಎಕ್ಸ್‌ಪ್ರೆಸ್‌ನಿಂದ ನೇರವಾಗಿ ಜಿಮೇಲಿಗೆ ಹೋಗಲು ಯತ್ನಿಸಬೇಡಿ. ವಿಂಡೋಸ್ ಎಕ್ಸ್‌ಪಿಗೆ ಕಂಪನಿಯ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿಯಿತು. ಇಂದಿನ ಸುರಕ್ಷತೆಯ ಬೀಗ ಆ ಪ್ರೋಗ್ರಾಮಿಗೆ ತೆರೆಯಲು ಬರುವುದಿಲ್ಲ. ಎಕ್ಸ್‌ಪಿ ಯಂತ್ರವನ್ನು ಇಂಟರ್ನೆಟ್ಟಿಗೆ ಜೋಡಿಸದಿರುವುದೇ ಕ್ಷೇಮ.

ಪತ್ರಗಳನ್ನು ಒಂದೊಂದಾಗಿ ತಮಗೆ ತಾವೇ ಫಾರ್ವರ್ಡ್ ಮಾಡಿಕೊಳ್ಳುವವರಿದ್ದಾರೆ. ಇದು ಸಲ್ಲದು. ಹಾಗೆ ಮಾಡಿದರೆ ಕಳಿಸಿದವರು ನೀವೇ ಆಗುತ್ತೀರಿ, ತಾರೀಖು ಇಂದಿನದಾಗುತ್ತದೆ, ಮೂಲ ತಲೆಬರಹ ಹೋಗುತ್ತದೆ. ಕಾನೂನು ಕೇಳುವ ವಿವರವೇ ಅಲ್ಲಿ ಉಳಿಯುವುದಿಲ್ಲ.

ಕನ್ನಡ ಪತ್ರಗಳ ವಿಶೇಷ ತೊಡಕು

ಮೇಲೆ ಹೇಳಿದ ತೋಟದ ಪತ್ರಗಳನ್ನು ತೆರೆದಾಗ ಕಂಡದ್ದು ಕನ್ನಡವಲ್ಲ. ಇಂಗ್ಲಿಷ್ ಅಕ್ಷರಗಳ ನೆತ್ತಿಯ ಮೇಲೆ ಚುಕ್ಕೆ, ಟೊಪ್ಪಿ, ಗೆರೆ ಹಾಕಿದಂತಹ ವಿಚಿತ್ರ ಸಾಲುಗಳು. ಪತ್ರ ಕೆಟ್ಟಿರಲಿಲ್ಲ. ಆ ಕಾಲದಲ್ಲಿ ನುಡಿ, ಬರಹ, ಶ್ರೀಲಿಪಿ ಮೊದಲಾದವುಗಳಲ್ಲಿ ಟೈಪು ಮಾಡಿದಾಗ ಕಂಪ್ಯೂಟರ್ ಉಳಿಸಿಕೊಳ್ಳುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಸಂಕೇತವನ್ನೇ; ಕನ್ನಡದ ಆಕಾರ ಕೊಡುತ್ತಿದ್ದುದು ಫಾಂಟು. ಫಾಂಟು ಇಲ್ಲದ ಯಂತ್ರದಲ್ಲಿ ಬಟ್ಟೆ ಕಳಚಿದಂತೆ ಆ ಸಂಕೇತಗಳೇ ಕಾಣುತ್ತವೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ವಂತ ಸ್ಥಾನವಿದ್ದರೂ ನಮ್ಮ ಊರುಗಳಲ್ಲಿ ಅದರ ಬಳಕೆ ಬೇರೂರಲು ಬಹಳ ವರ್ಷ ಬೇಕಾಯಿತು.

ಪರಿಹಾರ ಕಷ್ಟವಲ್ಲ. ಒಕ್ಕಣೆಯನ್ನು ನಕಲಿಸಿ, ಬರಹ ಅಥವಾ ನುಡಿ ತಂತ್ರಾಂಶದ ಜೊತೆಗಿರುವ ಪರಿವರ್ತಕದಲ್ಲಿ ಹಾಕಿದರೆ ಯೂನಿಕೋಡ್ ಕನ್ನಡವಾಗಿ ಬರುತ್ತದೆ. ಯಾವ ತಂತ್ರಾಂಶದಲ್ಲಿ ಬರೆದದ್ದೋ ಅದರ ಸಂಕೇತವನ್ನೇ ಆರಿಸಬೇಕು. ತಪ್ಪಾದರೆ ಒತ್ತಕ್ಷರ, ಅರ್ಕಾವತ್ತುಗಳು ಸ್ಥಾನಪಲ್ಲಟವಾಗುತ್ತವೆ. ಅಂಕಿಗಳನ್ನು ಕಣ್ಣಿಟ್ಟು ತಾಳೆ ನೋಡಿ. ಪರಿವರ್ತಿಸಿದ್ದು ಓದುವುದಕ್ಕೆ, ಮೂಲ ಪತ್ರವನ್ನು ಮಾತ್ರ ಅಳಿಸತಕ್ಕದ್ದಲ್ಲ, ತಿದ್ದತಕ್ಕದ್ದೂ ಅಲ್ಲ. ಸಾಕ್ಷ್ಯವಾಗುವುದು ಮೂಲವೇ.

ತಾಳೆ ನೋಡುವುದು

ಅಡಿಕೆ ಗೋದಾಮು ಬದಲಿಸುವಾಗ ಚೀಲ ಎಣಿಸದೆ ಲಾರಿ ಬಿಡುವವರಿಲ್ಲ. ಇಲ್ಲಿಯೂ ಹಾಗೆಯೇ. ಪ್ರತಿ ಫೋಲ್ಡರಿನಲ್ಲಿ ಮೊದಲು ಎಷ್ಟು ಪತ್ರಗಳಿದ್ದವು, ಸಾಗಿಸಿದ ಮೇಲೆ ಎಷ್ಟಿವೆ ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಅತಿ ಹಳೆಯದು, ನಡುವಿನದು, ಇತ್ತೀಚಿನದು ಹೀಗೆ ಕೆಲವನ್ನು ತೆರೆದು ಲಗತ್ತುಗಳನ್ನೂ ನೋಡಿ. ಪಟ್ಟಿಯಲ್ಲಿ ಎಲ್ಲಕ್ಕೂ ಇಂದಿನ ತಾರೀಖೇ ಕಂಡರೆ ಗಾಬರಿಯಾಗದೆ ಪತ್ರದ ಒಳಗಿನ ತಾರೀಖು ನೋಡಿ. ಅದು ಸರಿಯಿದ್ದರೆ ಕೆಲಸ ಸರಿಯಿದೆ.

ಬಳಿಕ ಮೂರು ಪ್ರತಿ ಇರಲಿ: ಮನೆಯ ಕಂಪ್ಯೂಟರಿನಲ್ಲಿ ಒಂದು, ಬೇರೆ ಕಡೆ ಇಟ್ಟ ಹಾರ್ಡ್ ಡಿಸ್ಕಿನಲ್ಲಿ ಒಂದು, ಆನ್‌ಲೈನಿನಲ್ಲಿ ಒಂದು. ಮಲೆನಾಡಿನ ತೇವದಲ್ಲಿ ಸಿಡಿಗಳಿಗೆ ಬೂಷ್ಟು ಹಿಡಿಯುತ್ತದೆ. ಅವನ್ನೇ ನಂಬಿ ಕೂರಬಾರದು. ಆನ್‌ಲೈನ್ ಪ್ರತಿಯೂ ಶಾಶ್ವತವಲ್ಲ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಆದುದರಿಂದ ಆಗಾಗ ಖಾತೆಯನ್ನು ತೆರೆಯುತ್ತಿರಬೇಕು, ಗುಪ್ತಪದ ಮನೆಯ ಇನ್ನೊಬ್ಬರಿಗೂ ತಿಳಿದಿರಬೇಕು.

ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ, ಅಥವಾ ಮಕ್ಕಳು ಅದನ್ನು ಅಳಿಸಿ ಆಟಕ್ಕೆ ಬಳಸುವ ಮುನ್ನ, ಸದಸ್ಯರು ಒಮ್ಮೆ ಅದರೊಳಗೆ ಏನಿದೆಯೆಂದು ನೋಡಬೇಕು. ತಾವೇ ಮಾಡಲು ಅಳುಕಾದರೆ ಸಂಘದ ಕಛೇರಿಗೆ ತನ್ನಿ. ನಿಮ್ಮೆದುರಿನಲ್ಲಿಯೇ ನಕಲು ತೆಗೆದುಕೊಡಲಾಗುವುದು. ಆಳುಗಳ ಲೆಕ್ಕವಿರುವ ಪತ್ರಗಳನ್ನು ಮೊದಲು ತೆಗೆಯಬೇಕೆಂದು ನನ್ನ ಸಲಹೆ. ನಮ್ಮ ಲೆಕ್ಕಕ್ಕೆ ನಮ್ಮಲ್ಲಿ ಬೇರೆ ಪುಸ್ತಕಗಳಾದರೂ ಇವೆ. ದೇವದುರ್ಗ, ಮಾನ್ವಿಗಳಿಂದ ಬಂದು ದುಡಿದು ಹೋದವರ ಲೆಕ್ಕ ನಮ್ಮ ಬಳಿ ಇರುವ ಆ ಒಂದು ಪ್ರತಿಯಲ್ಲೇ ಇರುವುದುಂಟು.