ಅಗ್ಗದ ಟಿಕೆಟ್, ರದ್ದಾದರೆ ದುಬಾರಿ

ನಮ್ಮ ಜಮಾಅತಿನ ಹುಡುಗನೊಬ್ಬನಿಗೆ ಮಂಗಳೂರಿನಿಂದ ದಮ್ಮಾಮ್‌ಗೆ ಟಿಕೆಟ್ ಆಗಿತ್ತು. ಉಮ್ಮನ ಬಳೆ ಅಡವಿಟ್ಟ ಹಣ. ವೀಸಾ ತಡವಾಯಿತು, ಟಿಕೆಟ್ ರದ್ದು ಮಾಡಬೇಕಾಯಿತು. "ಒಂದು ರೂಪಾಯಿಯೂ ವಾಪಸ್ ಬರಲ್ಲ" ಅಂದರು ಏಜೆಂಟ್. ನಾವೂ ನಂಬಿದೆವು. ಟಿಕೆಟ್ ಬಿಡಿಸಿ ಓದಿದಾಗ ಗೊತ್ತಾಯಿತು, ಅದು ಅರ್ಧ ಸತ್ಯ.

ಇಕಾನಮಿ ಅಂದರೆ ಒಂದೇ ದರವಲ್ಲ. ಪಕ್ಕಪಕ್ಕ ಕುಳಿತ ಇಬ್ಬರ ದರವೂ ಷರತ್ತೂ ಬೇರೆ ಇರಬಹುದು. ಹಲವು ಕಂಪನಿಗಳಲ್ಲಿ 'ವೈ' ಅಕ್ಷರ ಪೂರ್ಣ ದರದ್ದು, ಉಳಿದ ಅಕ್ಷರಗಳು ರಿಯಾಯಿತಿಯವು. ದರ ಇಳಿದಂತೆ ದಿನಾಂಕ ಬದಲಿಸುವ, ಹಣ ವಾಪಸ್ ಪಡೆಯುವ ಅವಕಾಶವೂ ಸಾಮಾನ್ಯವಾಗಿ ಕಡಿಮೆ.

ಆದರೆ 'ನಾನ್ ರಿಫಂಡೆಬಲ್' ಆದರೂ ನಮ್ಮ ದೇಶದ ಕಂಪನಿಗಳು ಡಿಜಿಸಿಎ ನಿಯಮದಂತೆ ಸರಕಾರಿ ತೆರಿಗೆ, ನಿಲ್ದಾಣದ ಬಳಕೆದಾರರ ಶುಲ್ಕ ಮರಳಿಸಲೇಬೇಕು. ರದ್ದತಿ ಶುಲ್ಕ ಮೂಲ ದರ ಮತ್ತು ಇಂಧನ ಸರ್‌ಚಾರ್ಜ್ ಸೇರಿದ ಮೊತ್ತ ಮೀರಬಾರದು. ವಿದೇಶಿ ಕಂಪನಿಗಳಿಗೆ ಅವರ ದೇಶದ ನಿಯಮ.

ಪಟ್ಟು ಹಿಡಿದು ಕೇಳಿದ ಮೇಲೆ ಹುಡುಗನಿಗೆ ತೆರಿಗೆ ಹಣ ಬಂತು. ಬಳೆ ಬಿಡಿಸಲು ಸಾಲದು, ಆದರೂ ಹಕ್ಕಿನ ಹಣ.

ದುಡ್ಡು ಕೊಡುವ ಮೊದಲೇ ಕೇಳಿ: ರದ್ದಾದರೆ ಎಷ್ಟು ಕಡಿತ? ದಿನಾಂಕ ಬದಲಿಸಲು ಎಷ್ಟು? ಏಜೆಂಟರ ಕಮಿಷನ್ ಎಷ್ಟು? ವೀಸಾ ಕೈಗೆ ಬರುವ ಮೊದಲು ಅಗ್ಗದ ಟಿಕೆಟ್‌ಗೆ ಆತುರ ಬೇಡ.